ಸಾವಿರದ ಒಂಬೈನೂರರ ಶೂ

ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಅವರ ಪಾದರಕ್ಷೆಗಳ ದರ್ಶನವಾಗುತ್ತದೆ. ಜಗಲಿಯ ತುದಿಯಲ್ಲಿ ಕೆಸರು ಮೆತ್ತಿದ ಗಂಬೂಟುಗಳ ಸಾಲು. ಪಕ್ಕದಲ್ಲಿ ಹವಾಯಿ ಚಪ್ಪಲಿ, ಎಡಗಾಲಿನದ್ದರ ಬಾರು ನೀಲಿ, ಬಲಗಾಲಿನದ್ದು ಬಿಳಿ. ಮಕ್ಕಳ ಹಾಕಿ ಶೂ. ಒಂದು ಮೂಲೆಯಲ್ಲಿ ಪಾಲಿಶ್ ಹಾಕಿ ಹಾಕಿ ಹೊಳೆಯುವ ಮಿಲಿಟರಿ ಬೂಟು. ಯಾವುದು ಯಾರದ್ದು ಎಂದು ಕೇಳುವ ಪದ್ಧತಿ ಇಲ್ಲ. ಮೊದಲು ಹೊರಟವರ ಕಾಲಿಗೆ ಯಾವುದು ಸಿಕ್ಕಿತೋ ಅದು ಅವರದ್ದು.

ಒಳ್ಳೆಯ ಶೂಗೆ ಎಷ್ಟು ದುಡ್ಡು ಹಾಕಬಹುದು ಅಂತ ಊರ ಹೊರಗಿನವರು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮಲ್ಲಿ ಎಷ್ಟು ಇಂಚು ಮಳೆ? ನಾವು ಕಾಫಿಯವರು ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುವುದು. ಭಾಗಮಂಡಲದ ಕಡೆ ಆಕಾಶವೇ ತೂತು ಬಿದ್ದಿರುವಾಗ ಕುಶಾಲನಗರದಲ್ಲಿ ಜನ ಕೊಡೆ ಮಡಚಿಟ್ಟು ಟೀ ಕುಡಿಯುತ್ತಿರುತ್ತಾರೆ. ಜಿಲ್ಲೆ ಒಂದೇ. ಆದರೆ ಅಲ್ಲಿ ಮೂರು ವರ್ಷ ಬಾಳುವ ಶೂ ನಮ್ಮ ನಾಪೋಕ್ಲು ಕಡೆ ಮಳೆ ಜೋರಾಗಿ ಸುರಿಯುವ ಒಂದು ಕಕ್ಕಡ ತಿಂಗಳು ದಾಟಿದರೆ ಅದಕ್ಕೆ ಸನ್ಮಾನ ಮಾಡಬೇಕು.

ಮಳೆಗಾಲಕ್ಕೆ ಗಂಬೂಟನ್ನು ಮೀರಿಸಿದ್ದು ಇಲ್ಲ. ಅಗ್ಗ, ತೊಳೆದರೆ ಹೊಸದು, ಎಡವಿದರೂ ಬೆರಳಿಗೆ ಏಟಾಗುವುದಿಲ್ಲ. ಹಾಕುವ ಮೊದಲು ತಲೆಕೆಳಗಾಗಿ ಹಿಡಿದು ಎರಡು ಸಲ ಕುಟ್ಟಬೇಕು, ಅಷ್ಟೇ. ಕಪ್ಪೆ ಬಿದ್ದರೆ ಅದೃಷ್ಟ. ಚೇಳು ಬಿದ್ದರೆ ಇನ್ನೂ ದೊಡ್ಡ ಅದೃಷ್ಟ, ಯಾಕೆಂದರೆ ಬಿತ್ತಲ್ಲ! ಆದರೆ ಗಂಬೂಟಿನ ಒಳಗೆ ಕಾಲಿಗೆ ಆಸರೆ ಅನ್ನುವುದು ಇರುವುದಿಲ್ಲ. ತೋಟದ ಇಳಿಜಾರಿನಲ್ಲಿ ಓಡಾಡಿ ಓಡಾಡಿ ನನ್ನ ಹಿಮ್ಮಡಿ ಹಟ ಹಿಡಿಯಿತು. ಬೆಳಿಗ್ಗೆ ಎದ್ದು ನೆಲಕ್ಕೆ ಮೊದಲ ಹೆಜ್ಜೆ ಇಟ್ಟ ಕೂಡಲೇ ಇಗ್ಗುತಪ್ಪ ದೇವರ ನೆನಪಾಗುತ್ತಿತ್ತು.

ಮಡಿಕೇರಿಯ ಡಾಕ್ಟರು ಕಾಲು ಒತ್ತಿ ನೋಡಿ, "ತೆಳು ಚಪ್ಪಲಿ ಬಿಟ್ಟುಬಿಡಿ. ಹಿಮ್ಮಡಿಗೆ ಮೆತ್ತೆ ಇರುವ ಒಳ್ಳೆ ಶೂ ತಗೊಳ್ಳಿ" ಎಂದರು. ಎಷ್ಟರದ್ದು ಅಂತ ಚೀಟಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ನಮ್ಮ ಮನೆಯಲ್ಲಿ ಆಮೇಲೆ ಆದದ್ದು ಆಗುತ್ತಿರಲಿಲ್ಲ.

ಮಾವ ಮಿಲಿಟರಿಯಲ್ಲಿದ್ದವರು. ಅವರ ಪ್ರಕಾರ ಜಗತ್ತಿನಲ್ಲಿ ಶೂ ಅಂತ ಇರುವುದು ಒಂದೇ, ಸೈನ್ಯದಲ್ಲಿ ಕೊಡುವ ಡಿ.ಎಂ.ಎಸ್. ಬೂಟು. "ಅದನ್ನು ಹಾಕ್ಕೊಂಡು ನಾವು ಹಿಮದಲ್ಲಿ ನಡೆದವರು. ನಿನಗೆ ಕೋಳಿಗೂಡಿಗೆ ಹೋಗ್ಲಿಕ್ಕೆ ಮೆತ್ತೆ ಬೇಕೇನಮ್ಮಾ?" ಎಂದರು. ನಮ್ಮವರು ಗೋಣಿಕೊಪ್ಪದ ಸಂತೆಯಲ್ಲಿ ಐನೂರಕ್ಕೆ ಚೆನ್ನಾಗಿರುವುದೇ ಸಿಗುತ್ತದೆ ಎಂದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹನ್ನೆರಡು ಸಾವಿರದ ಒಂದು ಶೂ ತೋರಿಸಿದ. ಬೆಲೆ ನೋಡಬೇಡಿ, ದಿನಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿ ಎಂದ. ಎರಡು ವರ್ಷಕ್ಕೆ ಹಂಚಿದರೆ ದಿನಕ್ಕೆ ಹದಿನಾರೂವರೆ ರೂಪಾಯಿ, ಒಂದು ಕಾಫಿ ದುಡ್ಡು.

ಕಾಫಿ ಬೆಳೆಯುವವರ ಮನೆಯಲ್ಲಿ ಕಾಫಿಯ ಲೆಕ್ಕ ಹೇಳಬಾರದು. ಅದಿರಲಿ, ಅವನ ಲೆಕ್ಕವೇ ತಪ್ಪು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಬೂಟಿನ ಕಾಲ. ಮನೆಯೊಳಗೆ ಬರಿಗಾಲು. ದೇವರ ಕಾಡಿಗೆ ಬರಿಗಾಲು. ದೇವಸ್ಥಾನ, ಐನ್‌ಮನೆ ಅಂದರೆ ಕುಟುಂಬದ ಮೂಲಮನೆ, ನೆಂಟರ ಮನೆ ಎಲ್ಲ ಕಡೆ ಬಾಗಿಲಲ್ಲೇ ಬಿಚ್ಚಬೇಕು. ನಮ್ಮ ಶೂ ಕಾಲಿನಲ್ಲಿ ಇರುವುದಕ್ಕಿಂತ ಮೆಟ್ಟಿಲಲ್ಲಿ ಇರುವ ಹೊತ್ತೇ ಜಾಸ್ತಿ. ಅದನ್ನೆಲ್ಲ ಕಳೆದರೆ ದಿನಕ್ಕೆ ಕಾಫಿಯಲ್ಲ, ಪಂದಿಕರಿ ಕಡುಬಿನ ಊಟವೇ ಬೀಳುತ್ತದೆ.

"ಮತ್ತೆ, ಎಷ್ಟು ದೂರ ಬರ್ತದೆ ಇದು?" ಎಂದು ನಮ್ಮವರು ಕೇಳಿದರು. ಓಡುವ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್, ಆಮೇಲೆ ಒಳಗಿನ ಮೆತ್ತೆ ಕುಸಿಯುತ್ತದೆ ಎಂದ ಮಗ. ನಮ್ಮವರು ಹೊರಗೆ ನಿಂತಿದ್ದ ಜೀಪಿನ ಟಯರನ್ನೇ ಸ್ವಲ್ಪ ಹೊತ್ತು ನೋಡಿದರು. ಮಾತು ಅಲ್ಲಿಗೆ ನಿಂತಿತು.

ಕೊನೆಗೆ ಮಗನೇ ಮೈಸೂರಿಗೆ ಬಂದು ಅಂಗಡಿಗೆ ಕರೆದುಕೊಂಡು ಹೋದ. ಸಂಜೆಯೇ ಹೋಗಬೇಕು ಎಂದು ನಾನು ಹಟ ಮಾಡಿದೆ. ದಿನವಿಡೀ ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಯಾಗಿ ಕೂರುವ ಶೂ ಸಂಜೆಗೆ ಹಿಡಿಯುತ್ತದೆ. ಇನ್ನೊಂದು ವಿಷಯ, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಟ್ಟಿರಬೇಕು. ಬಯಲಿನವರಿಗೆ ಇದು ಅಷ್ಟು ಮುಖ್ಯ ಅಲ್ಲದೆ ಇರಬಹುದು. ನಮ್ಮ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತಿ ಒತ್ತಿ ಉಗುರು ಕಪ್ಪಾಗುತ್ತದೆ.

ಅಂಗಡಿಯ ಹುಡುಗ ಬಹಳ ಮರ್ಯಾದೆಯವನು. ಮೊದಲು ತಂದದ್ದೇ ಹಾಲು ಬಿಳಿ ಬಣ್ಣದ್ದು. "ಕೊಡಗು" ಎಂದೆ. ಒಳಗಿಟ್ಟು ಬಂದ. ಆಮೇಲೆ ಒಂದು ಕಂದು ಬಣ್ಣದ್ದು ತಂದು, "ವಾಟರ್‌ಪ್ರೂಫ್ ಮೇಡಂ. ಹೊರಗಿನ ನೀರು ಒಂದು ಹನಿ ಒಳಗೆ ಬರಲ್ಲ" ಎಂದ. "ಪಾಚಿ ಮೇಲೆ ಜಾರ್ತದಾ?" ಎಂದು ಕೇಳಿದೆ. ಮಾರ್ಬಲ್ ನೆಲದ ಮೇಲೆ ಅತ್ತಿಂದಿತ್ತ ನಡೆದು ತೋರಿಸಿದ. ಅವನು ಮಾತ್ರ ಜಾರಲಿಲ್ಲ, ಪಾಪ. ಬೆಲೆ 8,999. ಮಗ ಕಾರ್ಡ್ ಕೊಟ್ಟುಬಿಟ್ಟ.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡಿದ್ದು ಒಂದೇ ವಿಚಾರ. ಮಾವನಿಗೆ ಎಷ್ಟು ಹೇಳುವುದು? ತುಂಬಾ ಕಡಿಮೆ ಹೇಳಿದರೆ ನಂಬುವುದಿಲ್ಲ. ಎರಡು ಸಾವಿರ ದಾಟಿದರೆ ಊಟ ಬಿಡುತ್ತಾರೆ. ಕುಶಾಲನಗರ ದಾಟುವ ಹೊತ್ತಿಗೆ ಸಾವಿರದ ಒಂಬೈನೂರು ಅಂತ ತೀರ್ಮಾನವಾಯಿತು. ಮಗನಿಗೂ ಫೋನ್ ಮಾಡಿ ಪಾಠ ಒಪ್ಪಿಸಿಕೊಂಡೆ.

ಮಾವ ಶೂ ತಿರುಗಿಸಿ, ಬಗ್ಗಿಸಿ, ಮೂಸಿ ನೋಡಿ, "ಸಾವಿರದ ಒಂಬೈನೂರಕ್ಕೆ ಪರವಾಗಿಲ್ಲ" ಎಂದರು. ಆ ಕ್ಷಣದಿಂದ ಅದು ನಿಜವಾಗಿಯೂ ಸಾವಿರದ ಒಂಬೈನೂರರ ಶೂ ಆಗಿಹೋಯಿತು. ಮನೆಯ ಎಲ್ಲರೂ ಅದನ್ನು ಅದರ ಬೆಲೆಗೆ ತಕ್ಕಂತೆ ನಡೆಸಿಕೊಳ್ಳತೊಡಗಿದರು.

ಮೊದಲನೆಯದಾಗಿ ಏಡಿ. ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ಏಡಿ ಹಿಡಿಯಲು ಹೋಗುವುದು ನಮ್ಮವರಿಗೆ ಹಬ್ಬ. ಒಂದು ಸಂಜೆ ಗಂಬೂಟು ತೂತಾಗಿದೆ ಅಂತ ನನ್ನ ಶೂನ ಹಿಂಬದಿ ತುಳಿದು ಮೆಟ್ಟಿಕೊಂಡು ಹೋದರು. ಅಂಗಡಿ ಹುಡುಗ ಸುಳ್ಳು ಹೇಳಿರಲಿಲ್ಲ. ನೀರು ಬಟ್ಟೆಯ ಮೂಲಕ ಒಳಗೆ ಬರಲಿಲ್ಲ. ಮೇಲಿನ ಬಾಯಿಯಿಂದ ಬಂತು. ಒಳಗೆ ಬಂದ ನೀರಿಗೂ ಅದೇ ನಿಯಮ, ಒಂದು ಹನಿ ಹೊರಗೆ ಹೋಗಲಿಲ್ಲ. ನಮ್ಮವರು ಎರಡು ಕಾಲಲ್ಲಿ ಎರಡು ಚೊಂಬು ನೀರು ಹೊತ್ತುಕೊಂಡು ಚಪಕ್ ಚಪಕ್ ಅಂತ ಮನೆಗೆ ಬಂದರು. ಒಂದು ಶೂನಲ್ಲಿ ಸಣ್ಣ ಏಡಿಯೂ ಇತ್ತು.

"ಅಯ್ಯೋ, ನನ್ನ ಶೂ!" ಎಂದೆ.

"ಸಾವಿರದ ಒಂಬೈನೂರಿನದ್ದಲ್ವಾ, ಬಿಡಮ್ಮಾ" ಎಂದರು ಮಾವ.

ಏನು ಹೇಳಲಿ? ಬಾಯಿ ಬಿಟ್ಟರೆ ಬಣ್ಣಗೇಡು.

ಅಷ್ಟಕ್ಕೇ ಮುಗಿಯಲಿಲ್ಲ. ಒಣಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಮಾವನೇ ರಾತ್ರಿ ಅದನ್ನು ಬಚ್ಚಲು ಮನೆಯ ಹಂಡೆ ಒಲೆಯ ಮಗ್ಗುಲಲ್ಲಿ ಇಟ್ಟರು. ಬೆಳಿಗ್ಗೆ ನೋಡಿದರೆ ಮುಂಭಾಗ ದೋಣಿಯ ಮೂತಿಯ ಹಾಗೆ ಮೇಲೆದ್ದಿದೆ. ಅಂಟು ಕರಗಿ ಸೋಲ್ ಬಾಯಿ ತೆರೆದಿದೆ. ಒದ್ದೆ ಶೂನ ಬೆಂಕಿಯ ಹತ್ತಿರ ಇಡಲೇಬಾರದು. ಒಳಗಿನ ಮೆತ್ತೆ ಹೊರಗೆ ತೆಗೆದು, ಹಳೇ ಪೇಪರ್ ತುರುಕಿ, ಪೇಪರ್ ಒದ್ದೆಯಾದ ಹಾಗೆಲ್ಲ ಬದಲಾಯಿಸಿ, ಗಾಳಿಗೆ ಇಡಬೇಕು. ಇದನ್ನು ಮಾವನಿಗೆ ಹೇಳಿದರೆ ಹಿಮದಲ್ಲಿ ಬೂಟು ಒಣಗಿಸಿದ ಕಥೆ ಮೊದಲಿಂದ ಶುರುವಾಗುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ತೆಗೆದುಕೊಂಡು ಹೋದೆ. ಅವರು ಶೂ ನೋಡಿದ ಕೂಡಲೇ ಅಸಲಿ ಬೆಲೆ ಎಷ್ಟಿರಬಹುದು ಅಂತ ಸರಿಯಾಗಿ ಹೇಳಿದರು. ಊರಲ್ಲಿ ನನ್ನ ಗುಟ್ಟು ಗೊತ್ತಿರುವ ಮನುಷ್ಯ ಅವರೊಬ್ಬರೇ. ದಪ್ಪ ದಾರದಲ್ಲಿ ಸುತ್ತಲೂ ಹೊಲಿಗೆ ಹಾಕಿ ನೂರೈವತ್ತು ತೆಗೆದುಕೊಂಡರು. "ನಮ್ಮ ಮಳೆಗೆ ಬರೀ ಅಂಟು ನಿಲ್ಲೋದಿಲ್ಲಕ್ಕಾ. ಎಷ್ಟು ಸಾವಿರದ್ದಾದ್ರೂ ಹೊಸದ್ರಲ್ಲೇ ಹೊಲಿಸಿಬಿಡಿ" ಎಂದರು. ಶೂ ವಿಷಯದಲ್ಲಿ ನಾನು ಖರ್ಚು ಮಾಡಿದ ಅತಿ ಉಪಯೋಗದ ದುಡ್ಡು ಆ ನೂರೈವತ್ತು. ಮಾವನಿಗೆ ಮೂವತ್ತು ಎಂದೆ.

ಹೊಲಿಗೆ ಬಿದ್ದ ಮೇಲೆ, ಮೂತಿ ವಕ್ರವಾದ ಮೇಲೆ, ಆ ಶೂ ನನಗೆ ನಿಜವಾಗಿ ಹಿಡಿಸಿತು. ಅದಕ್ಕೂ ಮೊದಲು ಕೆಸರು ಕಂಡರೆ ಸುತ್ತಿಕೊಂಡು ಹೋಗುತ್ತಿದ್ದೆ. ಹಿಮ್ಮಡಿ ನೋವು ಕಮ್ಮಿಯಾಗಲು ಶೂ ತಂದು, ಅದನ್ನು ಕಾಪಾಡಲು ದುಪ್ಪಟ್ಟು ನಡೆಯುವ ಗ್ರಹಚಾರ. ಈಗ ಸುಮ್ನೆ ಕೆಸರಿಗೇ ಕಾಲಿಡುತ್ತೇನೆ. ಹಿಮ್ಮಡಿಗೂ ಸಮಾಧಾನವಾಗಿದೆ.

ದುಬಾರಿ ಶೂ ಜಿಗಣೆಗೂ ಹೆದರುವುದಿಲ್ಲ. ಅಂದರೆ, ಜಿಗಣೆ ಶೂಗೆ ಹೆದರುವುದಿಲ್ಲ. ಗಾಳಿಯಾಡಲಿ ಅಂತ ಬಿಟ್ಟ ಜಾಲರಿಯೊಳಗೆ ನೂಲಿನಷ್ಟು ಸಪೂರಾಗಿ ನುಗ್ಗಿ, ಹೊಟ್ಟೆ ತುಂಬಿದ ಮೇಲೆ ದ್ರಾಕ್ಷಿಯಾಗಿ ಹೊರಗೆ ಬೀಳುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಅದು ಬಿಟ್ಟು ಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ. ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಹತ್ತಲು ಬರುವವರನ್ನು ನೋಡಬೇಕು. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಕಾಲಲ್ಲಿ ಹತ್ತು ಸಾವಿರದ ಬಿಳಿ ಶೂ, ಇಳಿದು ಬರುವಾಗ ಕೆಂಪು ಸಾಕ್ಸು. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಜಿಗಣೆ ಸಾಕ್ಸ್ ಹಾಕಿಕೊಂಡವರು ಐನೂರರ ಶೂನಲ್ಲೂ ನಗುತ್ತಾ ಬರುತ್ತಾರೆ.

ಹಾಗಂತ ಶೂನ ಜೋಪಾನ ಮಾಡಿದರೆ ಉಳಿಯುತ್ತದಾ? ಅದೂ ಇಲ್ಲ. ನಮ್ಮವರ ಹತ್ತಿರ ಮದುವೆಗಳಿಗೆ ಅಂತಲೇ ಒಂದು ಜೊತೆ ಇತ್ತು. ಡಬ್ಬಿಯ ಸಮೇತ ಬೀರುವಿನ ಮೇಲೆ, ಪ್ಲಾಸ್ಟಿಕ್ ಸುತ್ತಿ. ವಿರಾಜಪೇಟೆಯಲ್ಲಿ ಭಾವನ ಮಗಳ ಮದುವೆಗೆ ಹಾಕಿಕೊಂಡು ಬಂದರು. ಹೊಸದರ ಹಾಗೆಯೇ ಕಾಣುತ್ತಿತ್ತು. ವಾಲಗ ಶುರುವಾಯಿತು, ಇವರೂ ನುಗ್ಗಿದರು. ಸ್ವಲ್ಪ ಹೊತ್ತಿಗೆ ಛತ್ರದ ನೆಲದ ಮೇಲೆ ಅಲ್ಲಲ್ಲಿ ಕಪ್ಪು ಚೂರುಗಳು. ಯಾರೋ ಕೇಕ್ ಚೆಲ್ಲಿದ್ದಾರೆ ಅಂದುಕೊಂಡು ಒಬ್ಬ ಅಜ್ಜಿ ಮಕ್ಕಳಿಗೆ ಬೈದರು. ಇವರು ಕುಣಿಯುತ್ತಲೇ ಒಂದು ಇಂಚು ಗಿಡ್ಡವಾದರು, ಮೊದಲು ಎಡಗಡೆ, ಆಮೇಲೆ ಬಲಗಡೆ. ಸೋಲ್ ಪೂರ್ತಿ ಪುಡಿ. ಊಟದ ಸಾಲಿನಲ್ಲಿ ಮೇಲ್ಭಾಗ ಮಾತ್ರ ಶೂ, ಕೆಳಗೆ ಸಾಕ್ಸು.

ಶೂ ಮಾರಿದವರನ್ನು ಇವರು ವಾರಗಟ್ಟಲೆ ಬೈದರು. ಆದರೆ ಅದು ಪಾಲಿಯುರೆಥೇನ್ ಸೋಲ್. ಗಾಳಿಯ ತೇವ ಹೀರಿ ಹೀರಿ ಒಳಗಿಂದಲೇ ಹುಡಿಯಾಗುವುದು ಅದರ ಗುಣ. ನಡೆಯುತ್ತಾ ಇದ್ದರೆ ಒಳಗಿನ ತೇವ ಸ್ವಲ್ಪವಾದರೂ ಹೊರಗೆ ಹೋಗುತ್ತದಂತೆ. ಡಬ್ಬಿಯಲ್ಲಿಟ್ಟರೆ ಅದೂ ಇಲ್ಲ. ವರ್ಷದ ಅರ್ಧ ಭಾಗ ಗೋಡೆಯೂ ಬೆವರುವ ನಮ್ಮ ಊರಿನಲ್ಲಿ ಇಂಥ ಸೋಲಿನ ಶೂನ ಒಳ್ಳೆ ದಿನಕ್ಕೆ ಅಂತ ಎತ್ತಿಡುವುದು ಬೇಡವೇ ಬೇಡ. ಎತ್ತಿಡಲೇಬೇಕಾದರೆ ರಬ್ಬರ್ ಸೋಲ್ ಇರಲಿ.

ಹಾಗಾದರೆ ಎಷ್ಟರದ್ದು? ನನ್ನ ಲೆಕ್ಕ ಇಷ್ಟೇ. ಯಾವ ಬೆಲೆಯ ಶೂ ಹಾಕಿಕೊಂಡು ಕೆಸರಿಗೆ ಕಾಲಿಡುವಾಗ ಹೊಟ್ಟೆ ಚುರುಕ್ ಅನ್ನುವುದಿಲ್ಲವೋ ಅದೇ ಸರಿಯಾದ ಬೆಲೆ. ನನಗೆ ಅದು ಎರಡರಿಂದ ಎರಡೂವರೆ ಸಾವಿರ. ಐನೂರರದ್ದು ಹಿಮ್ಮಡಿಗೆ ಆಗದು, ಡಾಕ್ಟರ ಫೀಸೂ ಸೇರಿದರೆ ಅದು ಅಗ್ಗವೂ ಅಲ್ಲ. ಒಂಬತ್ತು ಸಾವಿರದ ಒಂದು ಜೊತೆಗಿಂತ ಎರಡೂವರೆಯ ಎರಡು ಜೊತೆ ಮೇಲು. ಮಳೆಗಾಲದಲ್ಲಿ ಒದ್ದೆಯಾದ ಶೂ ಒಂದು ರಾತ್ರಿಗೆ ಒಣಗುವುದಿಲ್ಲ. ಒಂದು ಒಣಗುವಾಗ ಇನ್ನೊಂದು ಇರಬೇಕು, ಅಲ್ವಾ? ಸರ್ಕಾರವೂ ಹೆಚ್ಚುಕಮ್ಮಿ ನನ್ನ ಮಾತನ್ನೇ ಒಪ್ಪಿದೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದರ ಮೇಲಿನದಕ್ಕೆ ಶೇ 18. ಈ ತೀರ್ಮಾನವಾದದ್ದು ಸೆಪ್ಟೆಂಬರ್ 3ರಂದು, ಸರಿಯಾಗಿ ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ. ನಾವು ಕೋವಿಗೆ ಹೂ ಇಡುತ್ತಿದ್ದಾಗ ದೆಹಲಿಯಲ್ಲಿ ಶೂ ವಿಚಾರ ನಡೆದಿತ್ತು.

ಮೊನ್ನೆ ಮಾವ ತಮ್ಮ ಹಳೇ ಗೆಳೆಯರ ಜೊತೆ ಮಡಿಕೇರಿಗೆ ಹೋಗಿ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಬೂದು ಬಣ್ಣದ ವಾಕಿಂಗ್ ಶೂ. ಹಿಮ್ಮಡಿಗೆ ನಾಲ್ಕು ಬೆರಳು ದಪ್ಪದ ಮೆತ್ತೆ. ಡಬ್ಬಿಯ ಮೇಲೆ ಬೆಲೆ ಇರುವ ಜಾಗವನ್ನು ಯಾರೋ ಉಗುರಿನಲ್ಲಿ ಕೆರೆದು ತೆಗೆದಿದ್ದರು.

"ಎಷ್ಟಾಯ್ತು ಮಾವ?" ಎಂದೆ.

"ಸಾವಿರದ ಇನ್ನೂರು" ಎಂದರು, ಮಳೆ ಅಳೆಯುವ ಡಬ್ಬಿಯ ಕಡೆ ನೋಡುತ್ತಾ.

ಸಂಜೆ ದನ ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚಿಕೊಂಡಿತು ಅಂತ ನಮ್ಮವರು ಓಡಿದರು. ಮೆಟ್ಟಿಲಲ್ಲಿ ಕೈಗೆ ಸಿಕ್ಕಿದ್ದು, ಅಂದರೆ ಕಾಲಿಗೆ ಸಿಕ್ಕಿದ್ದು, ಆ ಬೂದು ಶೂ. ಹಿಂಬದಿ ತುಳಿದುಕೊಂಡು ಸೀದಾ ಸಗಣಿ ಗುಂಡಿಯ ಮೇಲೆಯೇ ಹೋದರು. ಮಾವ ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತರು.

"ಸಾವಿರದ ಇನ್ನೂರಿನದ್ದಲ್ವಾ, ಬಿಡಿ ಮಾವ" ಎಂದು ಕಾಫಿ ಲೋಟ ಕೈಗೆ ಕೊಟ್ಟೆ.