ಕೋಡು ಮೂಡಿಸುವ ಕೋಡಿಂಗು

ಮತ್ತೆ ಅದೇ ಜಾಹೀರಾತು. ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗ ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿದ್ದಾನೆ, ಹಿಂದೆ ಕಪ್ಪು ಪರದೆ ತುಂಬ ಹಸಿರು ಅಕ್ಷರ ಸುರಿಯುತ್ತಿವೆ, ಕೆಳಗೆ ‘21 ದಿನದಲ್ಲಿ ಪ್ರೋಗ್ರಾಮರ್ ಆಗಿ!’ ಯಾವ ವಿಡಿಯೋ ತೆರೆದರೂ ಮೊದಲು ಇವನ ದರ್ಶನ. ಆ ನಗು ನೋಡಿದರೇ ಗೊತ್ತಾಗುತ್ತದೆ, ಇವನು ಈ ಜನ್ಮದಲ್ಲಿ ಕೋಡ್ ಬರೆದವನಲ್ಲ. ಬರೆಯುವವನ ಮುಖ ಹಾಗಿರುವುದಿಲ್ಲ. ಅವನು 14ನೇ ಸಾಲಿನಲ್ಲಿ ಆವರಣ ಚಿಹ್ನೆ ಮುಚ್ಚಲು ಮರೆತು, 15ನೇ ಸಾಲಿನಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತಾನೆ.

21 ಎಂಬ ಲೆಕ್ಕ ಎಲ್ಲಿಂದ ಬಂತೋ. ಕೋಳಿಮೊಟ್ಟೆಗೆ ಕಾವು ಕೊಟ್ಟರೆ 21 ದಿನಕ್ಕೆ ಮರಿ ಹೊರಬರುತ್ತದೆ. ಬಹುಶಃ ಅಲ್ಲಿಂದಲೇ ಎತ್ತಿರಬೇಕು. ಆದರೆ ಕೋಳಿ ಪ್ರಾಮಾಣಿಕ ಪ್ರಾಣಿ. ಹೊರಬಂದದ್ದನ್ನು ಮರಿ ಅಂತಲೇ ಸಾಕುತ್ತದೆ, ‘ಫುಲ್ ಸ್ಟ್ಯಾಕ್ ಹುಂಜ’ ಎಂದು ಸರ್ಟಿಫಿಕೇಟ್ ಕೊಟ್ಟು ಕಳಿಸುವುದಿಲ್ಲ.

ಹೋಗಲಿ, ಮೊದಲ ದಿನದ ವೈಭವವನ್ನೇ ನೋಡೋಣ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟವನು ವಿಂಡೋಸಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಇನ್‌ಸ್ಟಾಲರ್ ತೆರೆಯುತ್ತಾನೆ. ನಡುವೆ ದೊಡ್ಡದಾಗಿ ‘ಇನ್‌ಸ್ಟಾಲ್ ನೌ’. ತಳದಲ್ಲಿ, ಕಣ್ಣಿಗೆ ಬಿದ್ದರೂ ಬಿತ್ತು ಇಲ್ಲದಿದ್ದರೂ ಇಲ್ಲ ಎಂಬಂತೆ, ಪೈಥಾನನ್ನು ‘ಪಾತ್’ಗೆ ಸೇರಿಸಬೇಕೇ ಎಂದು ಕೇಳುವ ಪುಟ್ಟ ಚೌಕ. ಅದಕ್ಕೆ ಟಿಕ್ ಇರುವುದಿಲ್ಲ. ದೊಡ್ಡದನ್ನು ಒತ್ತುವುದು ಮನುಷ್ಯಸ್ವಭಾವ, ಒತ್ತುತ್ತಾನೆ. ಆಮೇಲೆ ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ ‘ಪೈಥಾನ್’ ಎಂದು ಹೊಡೆದರೆ, ಈಗಷ್ಟೇ ಮನೆಯೊಳಗೆ ಕರೆದುಕೊಂಡವನನ್ನೇ ಕಂಪ್ಯೂಟರು ‘ಇವರು ಯಾರು ಗೊತ್ತಾಗಲಿಲ್ಲ’ ಅನ್ನುತ್ತದೆ. ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದು, ಬನ್ನಿ ಇಲ್ಲಿಂದ ಇನ್ನೊಮ್ಮೆ ಇಳಿಸಿಕೊಳ್ಳಿ ಎಂದು ಉಪಚರಿಸುತ್ತದೆ.

ಪಾತ್ ಅಂದರೆ ಏನೂ ಮಂತ್ರವಲ್ಲ. ನೀವು ಒಂದು ಕಮಾಂಡಿನ ಹೆಸರು ಹೊಡೆದಾಗ ಅದನ್ನು ಯಾವ್ಯಾವ ಫೋಲ್ಡರಿನಲ್ಲಿ ಹುಡುಕಬೇಕು ಎಂಬ ಪಟ್ಟಿ, ಅಷ್ಟೆ. ಪಟ್ಟಿಯಲ್ಲಿ ಇಲ್ಲದ ಕಡೆ ಅದು ಇಣುಕುವುದೂ ಇಲ್ಲ. ಇನ್‌ಸ್ಟಾಲರನ್ನು ಮತ್ತೆ ನಡೆಸಿ ಟಿಕ್ ಹಾಕಿದರೆ ಮುಗಿಯಿತು. ಹಳೆಯ ಕಮಾಂಡ್ ಕಿಟಕಿ ಮುಚ್ಚಿ ಹೊಸದನ್ನು ತೆರೆಯಬೇಕು, ತೆರೆದಿದ್ದ ಕಿಟಕಿಗೆ ಹೊಸ ಪಟ್ಟಿ ಗೊತ್ತಿರುವುದಿಲ್ಲ. ‘ಪೈಥಾನ್’ ಬದಲು ಬರೀ ‘ಪಿವೈ’ ಎಂದು ಎರಡಕ್ಷರ ಹೊಡೆದರೂ ಅನೇಕ ಸಲ ಕೆಲಸ ಆಗಿಬಿಡುತ್ತದೆ. ಎರಡು ನಿಮಿಷದ ಮಾತು. ಇಷ್ಟನ್ನು ಹೇಳದೆ ನಗುವ ಹುಡುಗ ‘ನಿಮ್ಮ ಕನಸಿನ ಕೆರಿಯರ್’ ಕುರಿತು ಅರ್ಧ ಗಂಟೆ ಭಾಷಣ ಮಾಡುತ್ತಾನೆ.

ಎರಡನೇ ದಿನ ನೋಟ್‌ಪ್ಯಾಡ್. ಕಡತಕ್ಕೆ ‘ಹಲೋ.ಪಿವೈ’ ಎಂದು ಹೆಸರಿಟ್ಟು ಉಳಿಸಿದರೆ ಎಷ್ಟೋ ಸಲ ಅದರ ನಿಜನಾಮ ‘ಹಲೋ.ಪಿವೈ.ಟಿಎಕ್ಸ್‌ಟಿ’ ಆಗಿರುತ್ತದೆ. ಕಡತದ ಬಗೆ ಹೇಳುವ ಈ ಬಾಲ ಮುಚ್ಚಿಡುವುದರಲ್ಲಿ ವಿಂಡೋಸು ನಿಸ್ಸೀಮ. ಇನ್ನು ಉದಾಹರಣೆಯನ್ನು ಯಾವುದೋ ಪಿಡಿಎಫ್‌ನಿಂದ ನಕಲಿಸಿದರೆ ಉದ್ಧರಣ ಚಿಹ್ನೆಗಳು ಮೀಸೆಯಂತೆ ಬಾಗಿ ಬಂದಿರುತ್ತವೆ. ಪೈಥಾನಿಗೆ ನೆಟ್ಟಗಿನವೇ ಬೇಕು, ಮೀಸೆ ಕಂಡರೆ ಅಮಾನ್ಯ ಅಕ್ಷರ ಎಂದು ಕಿರುಚುತ್ತದೆ. ಯಾವುದೋ ಓಬೀರಾಯನ ಕಾಲದ ವಿಡಿಯೋದಲ್ಲಿ ಗುರುಗಳು ಪರದೆಯ ಮೇಲೆ ಬರೆಸುವ ‘ಪ್ರಿಂಟ್’ಗೆ ಆವರಣವೇ ಇಲ್ಲದೆ ಬರೆಯುತ್ತಿರುತ್ತಾರೆ. ಅದು ಹಳೆಯ ಆವೃತ್ತಿಯಾದ ಪೈಥಾನ್ 2ರ ಸಂಪ್ರದಾಯ. ಆ ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಗಿದೆ, ವಿಡಿಯೋಗೆ ಮಾತ್ರ ಇನ್ನೂ ಲೈಕ್ ಬೀಳುತ್ತಿವೆ.

ನಡುವೆ ಪಂಡಿತರ ಯುದ್ಧ ಬೇರೆ: ಯಾವ ಭಾಷೆ ಮೊದಲು? ಒಬ್ಬರು ಸಿ ಬಾರದವನು ಮನುಷ್ಯನೇ ಅಲ್ಲ ಅನ್ನುತ್ತಾರೆ, ಇನ್ನೊಬ್ಬರು ಜಾವಾಸ್ಕ್ರಿಪ್ಟ್ ಬಿಟ್ಟರೆ ಮೋಕ್ಷವಿಲ್ಲ ಅನ್ನುತ್ತಾರೆ. ಆ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಕಟ್ಟಿ ನಿಲ್ಲಿಸಿದ್ದು ಹತ್ತೇ ದಿನದಲ್ಲಿ. ಕಟ್ಟಲು 10 ದಿನ, ಕಲಿಸಲು 21!

ಕನ್ನಡಿಗರಿಗೆ ಇದರಲ್ಲಿ ಬೇರೆಯೇ ಮಜಾ ಇದೆ. ಪೈಥಾನಿಗೆ ‘ಕನ್ನಡ’ ಎಂಬ ಪದ ಕೊಟ್ಟು ಉದ್ದ ಕೇಳಿ. ಮೂರು ಅನ್ನುವುದಿಲ್ಲ, 5 ಅನ್ನುತ್ತದೆ. ಒತ್ತಕ್ಷರವನ್ನು ಬಿಡಿಸಿ, ನಡುವಿನ ಹಲಂತವನ್ನೂ ಒಂದು ತಲೆ ಎಂದು ಎಣಿಸುತ್ತದೆ. ‘ಪ್ರೀತಿ’ಗೆ 6. ಈ ಪ್ರೀತಿಯನ್ನು ತಿರುಗಿಸು ಎಂದರೆ ‘ತಿಪ್ರೀ’ ಬರುವುದಿಲ್ಲ. ಮುಂದೆ ಅನಾಥ ಗುಡಿಸೊಂದು ಜೋತಾಡುತ್ತಿರುತ್ತದೆ, ಅದರ ಬೆನ್ನಿಗೆ ‘ತೀರ್ಪ’ ಬರುತ್ತದೆ. ಒಂದು ಕೊಂಬು ಕೊಟ್ಟರೆ ತೀರ್ಪೇ! ಪ್ರೀತಿ ತಿರುಗಿಬಿದ್ದರೆ ಕೋರ್ಟು ಎಂಬ ಲೋಕಜ್ಞಾನ ಯಂತ್ರಕ್ಕೂ ಇದ್ದಂತಿದೆ. ಉದ್ಧರಣ ಚಿಹ್ನೆಯೊಳಗೆ ‘೫’ ಬರೆದು, ಅಕ್ಷರವನ್ನು ಸಂಖ್ಯೆಯಾಗಿಸುವ ‘ಇಂಟ್’ಗೆ ಒಪ್ಪಿಸಿದರೆ ನಿಷ್ಠೆಯಿಂದ 5 ಎಂದು ಓದುವ ಇದೇ ಪೈಥಾನು, ಚಿಹ್ನೆ ತೆಗೆದು ಬರೀ ೫ ಬರೆದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಎಂದು ಮುಖ ತಿರುಗಿಸುತ್ತದೆ. ಮೌಲ್ಯ ಇಟ್ಟುಕೊಳ್ಳುವ ಚರಾಂಶಕ್ಕೆ (ವೇರಿಯಬಲ್) ‘ವಯಸ್ಸು’ ಎಂದು ಕನ್ನಡದಲ್ಲೇ ಹೆಸರಿಡಿ, ತಕರಾರಿಲ್ಲ.

ವಯಸ್ಸು ಅಂದಾಗ ನೆನಪಾಯಿತು. ‘ಇನ್‌ಪುಟ್’ನಿಂದ ವಯಸ್ಸು ಕೇಳಿ ಒಂದು ಕೂಡಿಸುವುದು ಎಲ್ಲ ಕೋರ್ಸುಗಳ ಮೊದಲ ಪವಾಡ. 20 ಎಂದು ಕೊಟ್ಟು 1 ಕೂಡಿದರೆ ಟೈಪ್ ಎರರ್. ‘ಇನ್‌ಪುಟ್’ ತರುವುದು ಸಂಖ್ಯೆಯನ್ನಲ್ಲ, ಅಕ್ಷರಗಳ ಸರವನ್ನು; ಕಂಪ್ಯೂಟರಿನ ಕಣ್ಣಿಗೆ ಈ 20 ಒಂದು ಪದ, ‘ಬಾಳೆ’ ಇದ್ದ ಹಾಗೆ. ತಲೆ ಓಡಿಸಿ 1ಕ್ಕೂ ಉದ್ಧರಣ ಚಿಹ್ನೆ ಹಾಕಿದಿರೋ, ಮುಂದಿನ ವರ್ಷ ನಿಮಗೆ 201 ತುಂಬುತ್ತದೆ. ‘ಇನ್‌ಪುಟ್’ ಅನ್ನು ‘ಇಂಟ್’ ಒಳಗೆ ಇಟ್ಟರೆ 21.

ಆ ಎರರ್ ಸಂದೇಶದಲ್ಲಿ ಇದೆಲ್ಲ ಬರೆದೇ ಇರುತ್ತದೆ. ಕಡೇ ಸಾಲನ್ನು ಮೊದಲು ಓದಬೇಕು: ಏನಾಯಿತು ಎಂಬುದು ಅಲ್ಲಿರುತ್ತದೆ. ಅದರ ಮೇಲೆ ಯಾವ ಕಡತ, ಎಷ್ಟನೇ ಸಾಲು ಎಂಬುದು. ಪೈಥಾನಿನ 2021ರ 3.10ನೇ ಆವೃತ್ತಿಯಿಂದೀಚೆಗಂತೂ, ಈ ಆವರಣ ಮುಚ್ಚಲೇ ಇಲ್ಲವಲ್ಲ ಎಂದು ತೆರೆದ ಜಾಗವನ್ನೇ ತೋರಿಸಿಕೊಡುತ್ತದೆ. ಮುಂಚೆ ಪಾಪದ ಮುಂದಿನ ಸಾಲಿನ ಕಡೆ ಬೆರಳು ಮಾಡುತ್ತಿತ್ತು. ಅಭ್ಯಾಸಕ್ಕೆಂದು ಬರೆದ ಕಡತಕ್ಕೆ ‘ರ್‍ಯಾಂಡಮ್.ಪಿವೈ’ ಎಂದು ಹೆಸರಿಟ್ಟರೆ, ಪೈಥಾನ್ ಮನಬಂದ ಸಂಖ್ಯೆ ಆರಿಸಿಕೊಡುವ ತನ್ನದೇ ರ್‍ಯಾಂಡಮ್ ಬಿಟ್ಟು ನಿಮ್ಮದನ್ನು ಎಳೆದುಕೊಂಡು ‘ಇದರಲ್ಲಿ ಸಂಖ್ಯೆ ಆರಿಸುವ ರ್‍ಯಾಂಡ್‌ಇಂಟ್ ಇಲ್ಲ’ ಎಂದು ಗೋಳಾಡುತ್ತದೆ. ಅದೂ ಆ ಕಡೇ ಸಾಲಲ್ಲೇ ಇರುತ್ತದೆ. ಬೇಕೆಂದೇ ಒಂದು ಕೋಲನ್ ಅಳಿಸಿ, ಒಂದು ಹೆಸರು ತಪ್ಪಾಗಿ ಬರೆದು, ಯಾವ ತಪ್ಪಿಗೆ ಯಾವ ಬೈಗುಳ ಎಂದು ಒಂದು ಸಂಜೆ ನೋಡಿದರೆ ಸಾಕು, ಕೆಂಪು ಅಕ್ಷರದ ಭಯ ಅರ್ಧ ಇಳಿಯುತ್ತದೆ. ಈ ಪಾಠ ಯಾವ ಜಾಹೀರಾತಿನಲ್ಲೂ ಇಲ್ಲ. ಇದರಲ್ಲಿ ಹಲ್ಲು ಬಿಡುವಂಥದ್ದು ಏನೂ ಇಲ್ಲವಲ್ಲ.

ನಿಜ ಹೇಳಬೇಕೆಂದರೆ ಇಲ್ಲಿಗೆ ತಮಾಷೆ ಸಾಕಾಗಿದೆ. ಟಿಕ್ ಹಾಕದ ಒಂದು ಚೌಕಕ್ಕೆ, ಮುಚ್ಚಿಟ್ಟ ಒಂದು ಬಾಲಕ್ಕೆ ಜನ ‘ನನ್ನ ತಲೆಗೆ ಇದು ಹತ್ತಲ್ಲ’ ಎಂದು ಎದ್ದುಹೋಗುತ್ತಾರೆ. ಅವರಿನ್ನೂ ಪ್ರೋಗ್ರಾಮಿಂಗ್ ಶುರುವೇ ಮಾಡಿರಲಿಲ್ಲ. ದುಡ್ಡು ಇಸಿದುಕೊಂಡವನಿಗೆ ಅದು ಚೆನ್ನಾಗಿ ಗೊತ್ತು. ಹೇಳುವುದಿಲ್ಲ. ಗುರುಗಳ ಜೊತೆಜೊತೆಗೇ ಟೈಪ್ ಮಾಡಿಸಿ, ನೋಡಿ ಎಷ್ಟು ಸುಲಭ ಎಂದು ಬೆನ್ನು ತಟ್ಟಿ ಕಳಿಸುತ್ತಾನೆ. ವಿಡಿಯೋ ಮುಚ್ಚಿ ಅದೇ ಹತ್ತು ಸಾಲನ್ನು ಖಾಲಿ ಕಡತದಲ್ಲಿ ಬರೆಯಲು ಹೇಳಿದರೆ ಎಷ್ಟು ಜನ ಉಳಿಯುತ್ತಾರೆಂದು ಅವನಿಗೂ ಗೊತ್ತು.

ದೊಡ್ಡವರ ಮಾತೂ ಕೇಳಿದ್ದಾಯಿತು. 2014ರ ಡಿಸೆಂಬರಿನಲ್ಲಿ ಬರಾಕ್ ಒಬಾಮಾ ಮಕ್ಕಳ ನಡುವೆ ಕೂತು ‘ಮೂವ್‌ಫಾರ್ವರ್ಡ್(100);’ ಎಂದು ಒಂದು ಸಾಲು ಬರೆದಾಗ, ಕೋಡ್ ಬರೆದ ಮೊದಲ ಅಮೆರಿಕ ಅಧ್ಯಕ್ಷ ಎಂದು ಪತ್ರಿಕೆಗಳು ಕೊಂಡಾಡಿದವು; ಲೋಕವೆಲ್ಲ ಕೋಡಿಂಗ್ ಕಲಿಯಲೇಬೇಕಿತ್ತು. ಹತ್ತು ವರ್ಷ ತುಂಬುವ ಮೊದಲೇ, 2024ರ ಫೆಬ್ರವರಿಯಲ್ಲಿ, ಚಿಪ್ ಕಂಪನಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ದುಬೈ ವೇದಿಕೆಯಲ್ಲಿ ನಿಂತು, ಯಾರೂ ಪ್ರೋಗ್ರಾಮಿಂಗ್ ಮಾಡಬೇಕಾಗಿಲ್ಲದಂತೆ ಮಾಡುವುದೇ ನಮ್ಮ ಕೆಲಸ ಎಂದರು. ಈಗ ಎಐ ಬರೆದುಕೊಟ್ಟ ಇನ್ನೂರು ಸಾಲನ್ನು ಅಂಟಿಸಿದವನು ‘ಮಾಡ್ಯೂಲ್ ನಾಟ್ ಫೌಂಡ್’, ಅಂದರೆ ಬೇಕಾದ ಭಾಗ ಸಿಗಲಿಲ್ಲ ಎಂಬ ಕಡೇ ಸಾಲನ್ನು ಓದದೆ, ಅದನ್ನೂ ಎಐಗೇ ಅಂಟಿಸಿ ಕಾಯುತ್ತಿದ್ದಾನೆ.

ನಗುವ ಹುಡುಗನ ಹೊಸ ಜಾಹೀರಾತು ಬಂದಿದೆ, ‘7 ದಿನದಲ್ಲಿ ಎಐ ಎಂಜಿನಿಯರ್’. ಹಲ್ಲು ಅವೇ. ಹಿಂದಿನ ಪರದೆಯಲ್ಲಿ ಅಕ್ಷರ ಮಾತ್ರ ಈ ಸಲ ನೀಲಿ.