ಸಾಹೇಬರು ಸಾಲಿಗೆ ಬರ್ತಾರಂತ!

ಶಿಕ್ಷಣ ಇಲಾಖೆಯ ಸಾಹೇಬರು ಇನ್ನು ಮೇಲೆ ಸಾಲಿಗೆ, ಅಂದರೆ ಶಾಲೆಗೆ, ಬಂದು ಕೂಡಬೇಕಂತೆ. ಪ್ರಾರ್ಥನೆಗೆ ನಿಲ್ಲಬೇಕು, ಮಕ್ಕಳ ಪಂಕ್ತಿಯಲ್ಲೇ ಉಣ್ಣಬೇಕು, ಆದರೆ-ಹೋದರೆ ಒಂದು ಪಾಠವನ್ನೂ ಮಾಡಬೇಕು. ಈ ಮಾತು ನಮ್ಮ ಕಡೆ ಕಾರಹುಣ್ಣಿಮೆ ಇದ್ದಂತೆ. ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ, ಕೊಂಬಿಗೆ ಬಣ್ಣ ಹಚ್ಚಿಸಿಕೊಳ್ಳುತ್ತದೆ, ಕರಿ ಹರಿಯುತ್ತದೆ, ಮರುದಿನ ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುತ್ತದೆ. ಇಲಾಖೆ ಹಿಂದೊಮ್ಮೆ ದಿಢೀರ್ ಭೇಟಿಗಳಿಗೆ 'ಮಿಂಚಿನ ಸಂಚಾರ' ಎಂದೇ ಹೆಸರಿಟ್ಟಿತ್ತು. ಹೆಸರಿಟ್ಟವರು ಪ್ರಾಮಾಣಿಕರು. ಮಿಂಚು ಎಷ್ಟು ಹೊತ್ತು ಇರುತ್ತದೋ ಅಷ್ಟೇ ಹೊತ್ತು ಇದ್ದರು. ಹಿಂದಿನಿಂದ ಬಂದ ಗುಡುಗಿಗೆ 'ಕಾರಣ ಕೇಳಿ ನೋಟಿಸು' ಎಂದು ಹೆಸರು.

ದಿಢೀರ್ ಎಂದರೆ ಏನು ಎಂಬುದನ್ನೂ ಸ್ವಲ್ಪ ನೋಡೋಣ. ಜೀಪು ಧಾರವಾಡ ಬಿಡುವ ಮುಂಚೆ ಸುದ್ದಿ ಬಿಡುತ್ತದೆ. ಚಾಲಕನಿಂದ ಗುಮಾಸ್ತನಿಗೆ, ಗುಮಾಸ್ತನಿಂದ ಹತ್ತಿರದ ಸಾಲಿಗಳ ಗುಂಪಿನ (ಕ್ಲಸ್ಟರಿನ) ಉಸ್ತುವಾರಿ ನೋಡುವ ಸಿಆರ್‌ಪಿಗೆ, ಅಲ್ಲಿಂದ ಕ್ಲಸ್ಟರಿನ ವಾಟ್ಸಾಪ್ ಗುಂಪಿಗೆ: 'ಅಣ್ಣಿಗೇರಿ ದಾಟ್ಯಾರ.' ಅಷ್ಟರಲ್ಲಿ ಇತ್ತ ಕಪ್ಪುಹಲಗೆಯ ಮೂಲೆಯಲ್ಲಿ ದಿನಾಂಕ, ಒಟ್ಟು, ಹಾಜರು ಎಲ್ಲ ಗುಂಡಗೆ ಕೂತಿರುತ್ತವೆ. ತಿಂಗಳಿಂದ ಕೀಲಿ ಹಾಕಿದ್ದ ಪಾಯಖಾನೆಗೆ ಕೀಲಿಕೈ ಸಿಗುತ್ತದೆ. ಹಿಂದಿನ ಬೆಂಚಿನ ನಾಲ್ಕು ಹುಡುಗರು ಗಿಡಕ್ಕೆ ನೀರು ಹಾಕುವ ನೆವದಲ್ಲಿ ಹೊರಗೆ, ಮಗ್ಗಿ ಬರುವ ಹುಡುಗಿ ಮೊದಲನೇ ಬೆಂಚಿಗೆ. ಸಾಹೇಬರು ಬಂದವರೇ ಅವಳಿಗೆ ಹದಿಮೂರರ ಮಗ್ಗಿ ಕೇಳುತ್ತಾರೆ. ಯಾವಾಗಲೂ ಹದಿಮೂರರದ್ದೇ ಏಕೆ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಹನ್ನೆರಡರ ತನಕ ತಮಗೇ ಬರುತ್ತದೆಂಬ ವಿಶ್ವಾಸ ಇರಬಹುದು. ಅವಳು ಹೇಳುವಾಗ ಸಾಹೇಬರ ಕಣ್ಣು ಅವಳ ಮೇಲೆ ಇರುವುದಿಲ್ಲ. ಸರಿಯೋ ತಪ್ಪೋ ಎಂದು ಮಾಸ್ತರರ ಮುಖ ನೋಡುತ್ತಿರುತ್ತಾರೆ.

ನಂತರ ಸನ್ಮಾನ. ಹಾವೇರಿ ಸೀಮೆಯಾದರೆ ಏಲಕ್ಕಿ ಹಾರ, ಧಾರವಾಡ ಸೀಮೆಯಾದರೆ ಪೇಢೆ. ಬಿಸಿಯೂಟದ ರುಚಿ ನೋಡಲೇಬೇಕಲ್ಲ, ಎರಡು ಚಮಚ. ಊಟ ಬೇರೆ ಕಡೆ ಇರುತ್ತದೆ.

ಅಡುಗೆ ಕೋಣೆಯಲ್ಲಿ ಅರ್ಧ ತಾಸು ಕೂತಿದ್ದರೆ ಕಲಿಯುವುದು ಬಹಳವಿತ್ತು. ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದ ಯೋಜನೆ. ಲೆಕ್ಕ ಸರಳ: ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಎಂ.ಎಲ್. ಹಾಲು. 84 ಮಕ್ಕಳು ಬಂದ ದಿನ 1,512 ಗ್ರಾಂ ಪುಡಿ, ಹನ್ನೆರಡೂವರೆ ಲೀಟರಿಗೆ ಚೂರು ಮೇಲೆ ಹಾಲು. ಕಾಗದದ ಮೇಲೆ ಇಷ್ಟಕ್ಕೇ ಮುಗಿಯಿತು. ಒಲೆಯ ಮೇಲೆ ಈಗ ಶುರು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ. ಮೇಲೆ ಅಂಟು, ಒಳಗೆ ಒಣ ಪುಡಿ. ಹಾಗಾಗಿ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿಕೊಂಡು, ಆಮೇಲೆ ಉಳಿದ ನೀರಿಗೆ ಬಿಡುತ್ತ ಒಂದೇ ಸಮ ತಿರುವಬೇಕು. ಅನ್ನದ ಕುಕ್ಕರ್ ಕೂಗಿತೆಂದು ಅಡುಗೆಯವಳು ಆ ಕಡೆ ತಿರುಗಿದರೆ ಇತ್ತ ಹಾಲು ತಳ ಹಿಡಿಯುತ್ತದೆ. ಸೀದ ವಾಸನೆ ಬಂದ ದಿನ ಮಕ್ಕಳು ಮೂಗು ಮುಚ್ಚಿಕೊಂಡು ಮೋರಿಗೆ ಸುರಿಯುತ್ತಾರೆ. ಆ ಹೆಣ್ಣುಮಗಳಿಗೆ ಸಿಗುವ ಗೌರವಧನ ತಿಂಗಳಿಗೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಇನ್ನು ಪುಡಿ ಕಡಿಮೆ ಬಿದ್ದ ದಿನದ ಉಪಾಯವೂ ಒಂದಿದೆ. ಸೌಟನ್ನು ಮೊಳ ಎತ್ತರಕ್ಕೆ ಎತ್ತಿ ಸುರಿದರೆ ಲೋಟದ ತುಂಬ ನೊರೆ. ಫೋಟೋದಲ್ಲಿ ಲೋಟ ತುಂಬಿರುತ್ತದೆ. ನೊರೆ ಇಳಿಯುವ ಹೊತ್ತಿಗೆ ಸಾಹೇಬರು ಮುಂದಿನ ಸಾಲಿಯಲ್ಲಿರುತ್ತಾರೆ.

ಫೋಟೋ ಅಂದಕೂಡಲೆ ನೆನಪಾಯಿತು. ಭೇಟಿ ಕೊಟ್ಟದ್ದಕ್ಕೆ ಈಗ ಸಾಕ್ಷಿ ಎಂದರೆ ಜಿಪಿಎಸ್ ಫೋಟೋ. ಕೆಳಗೆ ಅಕ್ಷಾಂಶ 15 ಪಾಯಿಂಟ್ ಏನೋ, ರೇಖಾಂಶ 75 ಪಾಯಿಂಟ್ ಏನೋ ಎಂದು ಅಚ್ಚಾಗಿರಬೇಕು. ಏಳನೇ ಇಯತ್ತೆಯ ಭೂಗೋಳ ಬಲ್ಲವರಿಗೆ ಗೊತ್ತು, ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. 15 ಮತ್ತು 75 ಎಂಬೆರಡು ಅಂಕಿಯೊಳಗೆ ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ಹಾಯಾಗಿ ಮಲಗಿವೆ. ಸಾಲಿಯ ಒಳಗಿದ್ದರೋ ಗೇಟಿನ ಹೊರಗಿದ್ದರೋ ಎಂದು ಗೊತ್ತಾಗಬೇಕಾದರೆ ದಶಾಂಶದ ನಾಲ್ಕನೇ ಸ್ಥಾನ ನೋಡಬೇಕು, ಅದು ಸುಮಾರು 11 ಮೀಟರ್. ಅಷ್ಟು ದೂರ ನೋಡುವ ಪುಣ್ಯಾತ್ಮ ಮೇಲಿನ ಕಚೇರಿಯಲ್ಲಿ ಇದ್ದಾನೋ ಇಲ್ಲವೋ. ನವಲಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಯಲ್ಲಿ ಮಳೆಗಾಲದಲ್ಲಿ ಗಾಲಿಗೆ ಮಣ್ಣು ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಡಿ ನಿಂತೇಬಿಡುತ್ತದೆ. ಡಾಂಬರು ಮುಗಿದಲ್ಲಿ ಜೀಪು ಮುಗಿಯುತ್ತದೆ. ಆಗ ಮಕ್ಕಳೇ ಡಾಂಬರಿನ ತನಕ ನಡೆದು ಬಂದು ಸಾಹೇಬರನ್ನು ಭೇಟಿಯಾಗಬೇಕು. ಇದನ್ನೂ 'ಶಾಲಾ ಭೇಟಿ' ಎಂದೇ ಬರೆಯಬಹುದು, ಯಾರು ಯಾರನ್ನು ಎಂದು ನಮೂನೆಯಲ್ಲಿ ಕೇಳಿಲ್ಲ.

ಎರಿ ಮಣ್ಣಿನದು ಇನ್ನೊಂದು ಚೇಷ್ಟೆ ಇದೆ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅಂಥ ನೆಲದಲ್ಲಿ ಎರಿ ಅಗೆದು ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ ಪಾಯಾ ಹಾಕಬೇಕು. ಗುತ್ತಿಗೆದಾರ ಗರಸು ಉಳಿಸಿದ ಕಡೆ ಗೋಡೆ ಬಿರಿಯುತ್ತದೆ, ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ಬಿರುಕು ಕೈಬೆರಳು ಹೋಗುವಷ್ಟು ಬಾಯಿ ಬಿಡುವುದು ಏಪ್ರಿಲ್-ಮೇ ತಿಂಗಳಲ್ಲಿ, ಸೂಟಿಯೊಳಗೆ. ಮಳೆ ಬಿದ್ದು ನೆಲ ಉಬ್ಬಿ ಬಿರುಕು ಕೂದಲೆಳೆಯಷ್ಟಾಗಿ, ಮೇಲೆ ಸುಣ್ಣ ಬಳಿದಾದ ಮೇಲೆ ಪ್ರಾರಂಭೋತ್ಸವದ ತೋರಣ. ಆಗ ಸಾಹೇಬರ ಆಗಮನ. ಗೋಡೆ ಸುಸ್ಥಿತಿಯಲ್ಲಿದೆ ಎಂದು ಬರೆದು ಹೋದರೆ ಅವರದೇನೂ ತಪ್ಪಿಲ್ಲ.

ಹಾಜರಾತಿಯದೂ ಇದೇ ಕಥೆ. ಆಗಸ್ಟಿನಲ್ಲಿ ಹೊಲದಲ್ಲಿ ಹೆಸರುಕಾಳಿನ ಕಾಯಿ ಬಿಡಿಸುವ ಹೊತ್ತು. ಕಾಯಿ ಒಣಗಿದ ಮೇಲೆ ಎರಡು ಮಳೆ ಹೊಡೆದರೆ ಗಿಡದ ಮೇಲೇ ಮೊಳಕೆ, ವರ್ಷದ ದುಡಿಮೆ ನೀರುಪಾಲು. ಹಾಗಾಗಿ ಆ ಎಂಟು-ಹತ್ತು ದಿನ ಮನೆಯ ಸಣ್ಣ ಕೈಯೂ ಹೊಲದಲ್ಲಿ. ಮುಂದೆ ಹತ್ತಿ, ಬ್ಯಾಡಗಿ ಕಡೆ ಮೆಣಸಿನಕಾಯಿ. ಇದು ಊರ ನಾಯಿಗೂ ಗೊತ್ತು. ಜಿಲ್ಲಾ ಕಚೇರಿಗೆ ಮಾತ್ರ ಪ್ರತಿ ಆಗಸ್ಟಿನಲ್ಲೂ ಹೊಸ ಆಘಾತ: 'ಹಾಜರಾತಿ ಕುಸಿದಿರುವುದಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.' ಹೆಡ್‌ಮಾಸ್ತರರು ಹೆಸರುಬೇಳೆಯ ಮೇಲೆ ಪ್ರಬಂಧ ಬರೆದು ಕಳಿಸುತ್ತಾರೆ.

ಹಾಗೆಂದು ಸಾಹೇಬರು ಏನೂ ಬರೆಯುವುದಿಲ್ಲ ಎಂದಲ್ಲ. ಗದಗಿನ ಮುದ್ರಣಾಲಯಗಳಿಂದ ಬಂದ ದಪ್ಪ ರಟ್ಟಿನ ಸಂದರ್ಶನ ಪುಸ್ತಕಗಳಲ್ಲಿ ಒಂದೇ ಕೃತಿ ಮತ್ತೆ ಮತ್ತೆ ಮರುಮುದ್ರಣ ಕಂಡಿದೆ: 'ಕಲಿಕಾ ಮಟ್ಟ ತೃಪ್ತಿಕರ. ಇನ್ನೂ ಸುಧಾರಿಸಬೇಕು. ಸ್ವಚ್ಛತೆಗೆ ಗಮನ ಹರಿಸಿ.' ನಲಿಕಲಿ ಕೋಣೆಗೆ ಹೊಕ್ಕವರಿಗಂತೂ ಗಾಬರಿಯೇ. ಒಂದು, ಎರಡು, ಮೂರನೇ ಇಯತ್ತೆ ಒಟ್ಟಿಗೇ ನೆಲದ ಮೇಲೆ ಗುಂಪು ಗುಂಪಾಗಿ ಕೂತಿವೆ. ಗುಂಪಿಗೆ ಅಲ್ಲಿ 'ತಟ್ಟೆ' ಎನ್ನುತ್ತಾರೆ. ಅಕ್ಕೋರು ಪೂರ್ತಿ ನೆರವು ಕೊಡುವ ತಟ್ಟೆ ಒಂದು, ಮಕ್ಕಳು ತಾವೇ ಕಲಿಯುವ ತಟ್ಟೆ ಇನ್ನೊಂದು. 'ಐದನೇ ತಟ್ಟೆಯಲ್ಲಿ ಯಾರಿದ್ದೀರಿ?' ಎಂದು ಅಕ್ಕೋರು ಕೇಳಿದರೆ ಸಾಹೇಬರ ಕಣ್ಣು ಅಡುಗೆ ಕೋಣೆಯ ಕಡೆ ಹೊರಳುತ್ತದೆ.

ನಮ್ಮ ಧಾರವಾಡದಲ್ಲಿ ಒಬ್ಬ ಸಾಹೇಬರಿದ್ದರು. 19ನೇ ಶತಮಾನದಲ್ಲಿ, ಮುಂಬಯಿ ಸರ್ಕಾರದ ಕಾಲಕ್ಕೆ, ಮರಾಠಿ ಸಾಲಿಗಳೇ ತುಂಬಿದ್ದ ಈ ನೆಲದಲ್ಲಿ ಕನ್ನಡ ಸಾಲಿ ಎಬ್ಬಿಸಿದ ಚನ್ನಬಸಪ್ಪನವರು. ಸಾಲಿಗಳ ಡೆಪ್ಯುಟಿ ಇನ್ಸ್‌ಪೆಕ್ಟರ್ ಹುದ್ದೆ ಜನರ ಬಾಯಲ್ಲಿ ಅವರ ಹೆಸರೇ ಆಗಿ, ಇವತ್ತಿಗೂ ಅವರು ಡೆಪ್ಯುಟಿ ಚನ್ನಬಸಪ್ಪ. ಇವತ್ತಿನ ಯಾವ ಹುದ್ದೆ ಯಾರ ಹೆಸರಿಗೆ ಅಂಟೀತು? ಮೂರಕ್ಷರದ ಹುದ್ದೆಗಳೇ ತುಂಬಿಕೊಂಡಿವೆ, ಡಿಸೆಂಬರಿನಲ್ಲಿ ಕೇಳಿದರೆ ಜೂನಿನಲ್ಲಿ ಇದ್ದವರು ಯಾರೆಂದು ಹೇಳುವುದು ಕಷ್ಟ.

ಸಾಕು ತಮಾಷೆ. ಸಾಹೇಬರು ಸಾಲಿಗೆ ಬರದಿದ್ದರೂ ನಡೆಯುತ್ತಿತ್ತು, ಮಾಸ್ತರರನ್ನು ಸಾಲಿಯಲ್ಲಿ ಬಿಟ್ಟಿದ್ದರೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆಂದು ಅದೇ ಮಾಸ್ತರರು, ಅಕ್ಕೋರು ಮನೆ ಮನೆ ತಿರುಗಿದರು. ಸರ್ವರ್ ಕೈಕೊಟ್ಟಿತು, ಓಟಿಪಿ ಬರಲಿಲ್ಲ. ಕೆಲಸ ಮುಗಿಯಲಿಲ್ಲವೆಂದು ಮಕ್ಕಳ ದಸರಾ ಸೂಟಿಯನ್ನೇ ಅಕ್ಟೋಬರ್ 18ರ ತನಕ ಎಳೆದರು. ಸಾಲಿ ಇರುವುದು ಮಕ್ಕಳಿಗಾಗಿ ಎಂಬ ಮಾತು ಆ ದಿನಗಳಲ್ಲಿ ಯಾವ ಸಾಹೇಬರಿಗೂ ನೆನಪಾಗಲಿಲ್ಲ. ಉಳಿದ ದಿನಗಳಲ್ಲಿ ಮಕ್ಕಳ ಮಾಹಿತಿ ತುಂಬುವ ರಾಜ್ಯದ ಜಾಲತಾಣ ಸ್ಯಾಟ್ಸ್‌ಗೆ ಒಮ್ಮೆ, ಕೇಂದ್ರದ ಜಾಲತಾಣ ಯು-ಡೈಸ್‌ಗೆ ಒಮ್ಮೆ, ಮತ್ತೆ ವಿದ್ಯಾರ್ಥಿ ಗುರುತಿನ ಸಂಖ್ಯೆಯಾದ ಅಪಾರ್ ಐಡಿಗೆ ಅದೇ ಮಗುವಿನ ಅದೇ ಹೆಸರು. ಆಧಾರಿನಲ್ಲಿ 'ಬಸವ್ವ' ಇದ್ದು ದಾಖಲಾತಿಯಲ್ಲಿ 'ಬಸಮ್ಮ' ಇದ್ದರೆ ಗಣಕಯಂತ್ರ ಒಪ್ಪುವುದಿಲ್ಲ. ಅವರಪ್ಪ ಗುಳೇ ಹೋದವನು ಗೋವಾದಿಂದ ಬಂದು ತಿದ್ದಿಸಬೇಕು. ಅಲ್ಲಿಯ ತನಕ ಮಾಸ್ತರರಿಗೆ ದಿನಕ್ಕೆರಡು ಫೋನು: 'ನಿಮ್ಮ ಸಾಲಿ ಒಂದೇ ಪೆಂಡಿಂಗ್ ನೋಡ್ರಿ.' ಫೋನು ಮಾಡಿದವರೇ ನಾಳೆ ಬಂದು ಎರಡನೇ ಇಯತ್ತೆಯ ಮಗುವಿಗೆ ಓದಲು ಏಕೆ ಬರುವುದಿಲ್ಲ ಎಂದು ಅದೇ ಮಾಸ್ತರರನ್ನು ಮಕ್ಕಳೆದುರು ನಿಲ್ಲಿಸಿ ಕೇಳುತ್ತಾರೆ. ನಾಚಿಕೆ ಬೇಡವೇ?

2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಉತ್ತರ ಪ್ರದೇಶದಲ್ಲಿ ಸರ್ಕಾರಿ ಸಂಬಳ ತಿನ್ನುವವರ ಮಕ್ಕಳೆಲ್ಲ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದಬೇಕು ಎಂದು ತೀರ್ಪು ಕೊಟ್ಟಿತ್ತು. ಆರು ತಿಂಗಳ ಗಡುವೂ ಕೊಟ್ಟಿತ್ತು. ಆ ಗಡುವು ಇನ್ನೂ ನಡೆದೇ ಇದೆ ಎಂದುಕೊಳ್ಳೋಣ.

ಅಷ್ಟು ದೊಡ್ಡ ಶಿಕ್ಷೆ ಬೇಡ. ಸಾಹೇಬರೇ, ಸೋಮವಾರ ಮೂರನೇ ಅವಧಿ, 40 ನಿಮಿಷ, ಐದನೇ ಇಯತ್ತೆ, ಭಿನ್ನರಾಶಿ. ಹಾರ ಇರುವುದಿಲ್ಲ, ಫೋಟೋದವನೂ ಇರುವುದಿಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಎಂದರೆ ಅರ್ಧ ಕ್ಲಾಸು ಐದನೇ ಎರಡು ಎಂದು ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುತ್ತಾರೆ, ಅಷ್ಟು ದಿನ ಸಂಕಲನ ಎಂದರೆ ಹಾಗೇ ಎಂದು ನಾವೇ ಕಲಿಸಿದ್ದೇವಲ್ಲ. ತಪ್ಪು ಎಂದರೆ ಒಪ್ಪುವುದಿಲ್ಲ. ರೊಟ್ಟಿ ಹರಿದು ತೋರಿಸಬೇಕು: ಅರ್ಧ ರೊಟ್ಟಿ ಇತ್ತು, ಮೇಲೆ ಇನ್ನೊಂದು ತುಂಡು ಕೊಟ್ಟೆ, ಈಗ ನಿನ್ನ ಕೈಯಲ್ಲಿ ಅರ್ಧಕ್ಕಿಂತ ಕಡಿಮೆ ಹೆಂಗಾತು? ಆಮೇಲೆ ಆರು ತುಂಡಿನ ರೊಟ್ಟಿಗೆ ಬರಬೇಕು, ಮೂರು ತುಂಡು ಮತ್ತು ಎರಡು ತುಂಡು. ಅಷ್ಟರಲ್ಲಿ ಒಬ್ಬನಿಗೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಒಬ್ಬಳ ಪೆನ್ಸಿಲ್ ಕಳೆಯುತ್ತದೆ, ಹಿಂದಿನ ಬೆಂಚಿನ ಹುಡುಗ ರೊಟ್ಟಿ ತಿಂದಿರುತ್ತಾನೆ. ಒಂದು ರೊಟ್ಟಿ ಹೆಚ್ಚಿಗೇ ತರ್ರಿ. ಕಡಕ್ ರೊಟ್ಟಿ ಬ್ಯಾಡ, ಅದು ಸರಿಯಾಗಿ ಆರು ತುಂಡು ಆಗೂದಿಲ್ಲ.