ಖಗೋಳಶಾಸ್ತ್ರ ಪಿಎಚ್‌ಡಿ ಮೆಸೇಜ್ ಬಗ್ಗೆ ಸ್ಪಷ್ಟನೆ

ಬಳ್ಳಾರಿ, ಸಂಡೂರು ಕಡೆಯ ಡಿಗ್ರಿ ಹುಡುಗರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಖಗೋಳಶಾಸ್ತ್ರದಲ್ಲೇ ಎಂಎಸ್ಸಿ ಮಾಡಿದವರಿಗೆ ಮಾತ್ರ ಪಿಎಚ್‌ಡಿ ಸೀಟು, ಅದಕ್ಕೂ ವರ್ಷಕ್ಕೆ ಲಕ್ಷಗಟ್ಟಲೆ ಫೀಸು ಅಂತ. ಎರಡೂ ತಪ್ಪು.

ಬೆಂಗಳೂರಿನ ಐಐಎ (ಭಾರತೀಯ ಖಭೌತ ಸಂಸ್ಥೆ), ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ, ಎಲ್ಲಾ ಕಡೆ ಪಿಎಚ್‌ಡಿಗೆ ಫಿಸಿಕ್ಸ್ ಎಂಎಸ್ಸಿ ಇದ್ದರೂ ಸಾಕು. ಅಂದರೆ ಇಲ್ಲೇ ಬಳ್ಳಾರಿಯ ನಮ್ಮ ವಿಎಸ್‌ಕೆ (ವಿಜಯನಗರ ಶ್ರೀ ಕೃಷ್ಣದೇವರಾಯ) ವಿವಿಯಲ್ಲಿ ಫಿಸಿಕ್ಸ್ ಎಂಎಸ್ಸಿ ಓದಿದವರೂ ಅರ್ಜಿ ಹಾಕಬಹುದು. ಬಿಇ ಮುಗಿಸಿದವರಿಗೂ ಹಲವು ಕಡೆ ಅವಕಾಶ ಇದೆ. ಜೆಸ್ಟ್‌ನಂಥ (ಹಲವು ಸಂಶೋಧನಾ ಸಂಸ್ಥೆಗಳು ಸೇರಿ ನಡೆಸುವ) ಪ್ರವೇಶ ಪರೀಕ್ಷೆ ಬರೆಯಬೇಕು, ಆಮೇಲೆ ಸಂದರ್ಶನ. ಅಲ್ಲಿ ನಕ್ಷತ್ರಗಳ ಹೆಸರು ಕೇಳುವುದಕ್ಕಿಂತ ಬೋರ್ಡಿನ ಮುಂದೆ ನಿಲ್ಲಿಸಿ ಮೆಕ್ಯಾನಿಕ್ಸ್, ಕ್ವಾಂಟಂ ಲೆಕ್ಕ ಬಿಡಿಸಿ ಅನ್ನುವುದೇ ಜಾಸ್ತಿ, ಹಾಗಾಗಿ ಪಠ್ಯದ ಫಿಸಿಕ್ಸ್ ಗಟ್ಟಿ ಇರಲಿ.

ದುಡ್ಡಿನ ವಿಷಯ ಉಲ್ಟಾ. ಸಣ್ಣಪುಟ್ಟ ಫೀಸು ಇರಬಹುದು, ಆದರೆ ಆಯ್ಕೆಯಾದವರಿಗೆ ಸಂಸ್ಥೆಯವರೇ ಫೆಲೋಶಿಪ್, ಅಂದರೆ ತಿಂಗಳ ಸಹಾಯಧನ, ಕೊಡುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2023ರ ಆದೇಶದ ಪ್ರಕಾರ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಆ ಮೆಸೇಜ್ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಅರ್ಹತೆ, ಕೊನೆಯ ದಿನಾಂಕ ಆಯಾ ಸಂಸ್ಥೆಯ ವೆಬ್‌ಸೈಟಿನ ಅಧಿಸೂಚನೆಯಲ್ಲೇ ನೋಡಿಕೊಳ್ಳಿ.